ಚಾರ್ಜರಿನ ಕರೆಂಟ್ ತಗ್ಗಿಸಲು ರೆಸಿಸ್ಟರ್ ಸಾಕೇ?

14.4 ವೋಲ್ಟ್, 5 ಆಂಪಿಯರ್ ಚಾರ್ಜರಿಗೆ ಸರಣಿಯಲ್ಲಿ ರೆಸಿಸ್ಟರ್ ಹಾಕಿ, 7 ಆಂಪಿಯರ್-ಅವರ್‌ನ 12 ವೋಲ್ಟ್ ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿಯನ್ನು ಚಾರ್ಜ್ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು, ಆದರೆ ನಾನು ಮಾಡುವುದಿಲ್ಲ.

ಲೆಕ್ಕ ನೋಡಿ. ಬ್ಯಾಟರಿ 11.5 ವೋಲ್ಟ್‌ನಲ್ಲಿದ್ದಾಗ 3.9 ಓಮ್ ರೆಸಿಸ್ಟರಿನಲ್ಲಿ ಸುಮಾರು 0.74 ಆಂಪಿಯರ್ ಹರಿಯುತ್ತದೆ. ಈ ಬ್ಯಾಟರಿಗೆ ಅದು ಹಿತವಾದ ಪ್ರಮಾಣ. ಬ್ಯಾಟರಿ 13.5ಕ್ಕೆ ಏರಿದಾಗ ಕರೆಂಟ್ 0.23ಕ್ಕೆ ಕುಸಿಯುತ್ತದೆ, ಚಾರ್ಜ್ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ಅದಾದರೂ ತಾಳಿಕೊಳ್ಳಬಹುದು. ಬ್ಯಾಟರಿ ಪೂರ್ತಿ ಬರಿದಾಗಿ 6 ವೋಲ್ಟ್‌ಗೆ ಇಳಿದಿದ್ದರೆ? ಕರೆಂಟ್ 2 ಆಂಪಿಯರ್ ದಾಟುತ್ತದೆ, ರೆಸಿಸ್ಟರಿನಲ್ಲಿ 18 ವ್ಯಾಟ್ ಶಾಖ! 5 ವ್ಯಾಟಿನದನ್ನು ಹಾಕಿದ್ದರೆ ಅದು ಸುಟ್ಟೇ ಹೋಗುತ್ತದೆ. ರೆಸಿಸ್ಟರ್ ಬದಲು 12 ವೋಲ್ಟ್, 21 ವ್ಯಾಟಿನ ವಾಹನದ ಬಲ್ಬ್ ಹಾಕುವುದು ಎಷ್ಟೋ ಮೇಲು: ತಂತು ಕಾದಂತೆ ಅದರ ರೋಧ ಹೆಚ್ಚಿ ಕರೆಂಟನ್ನು ತಾನೇ ತಡೆಯುತ್ತದೆ. ನಿಮ್ಮದು ಹಂತಹಂತವಾಗಿ ಚಾರ್ಜ್ ಮಾಡುವ ಸ್ಮಾರ್ಟ್ ಚಾರ್ಜರ್ ಆಗಿದ್ದರೆ ರೆಸಿಸ್ಟರ್, ಬಲ್ಬ್ ಎರಡನ್ನೂ ಹಾಕಬೇಡಿ. ಕರೆಂಟ್ ಇಳಿದದ್ದನ್ನು ಕಂಡು ಅದು ಬ್ಯಾಟರಿ ತುಂಬಿತೆಂದು ತಪ್ಪಾಗಿ ತಿಳಿಯುತ್ತದೆ.

ವೋಲ್ಟೇಜ್ ಅಥವಾ ಕರೆಂಟನ್ನು ಸ್ಥಿರವಾಗಿಡುವ ಎಲ್‌ಎಂ317 ಎಂಬ ರೆಗ್ಯುಲೇಟರ್ ಚಿಪ್ ಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕರೆಂಟ್ ಮಿತಿಗೆ ಬಳಸಿದಾಗ ಅದಕ್ಕೆ ಸುಮಾರು 4 ವೋಲ್ಟ್ ಹೆಚ್ಚುವರಿ ಬೇಕು, ನಿಮ್ಮ 14.4 ವೋಲ್ಟ್ ಸಾಲದು.

ನನ್ನ ಆಯ್ಕೆ: 19 ವೋಲ್ಟ್‌ನ ಲ್ಯಾಪ್‌ಟಾಪ್ ಅಡಾಪ್ಟರ್, ಜೊತೆಗೆ ವೋಲ್ಟೇಜ್ ಮತ್ತು ಕರೆಂಟ್ ಎರಡಕ್ಕೂ ತಿರುಪು ಇರುವ ಬಕ್ ಮಾಡ್ಯೂಲ್ (ವೋಲ್ಟೇಜ್ ತಗ್ಗಿಸುವ ಸಿದ್ಧ ಸರ್ಕ್ಯೂಟ್). ಬ್ಯಾಟರಿ ಜೋಡಿಸುವ ಮೊದಲು ವೋಲ್ಟೇಜನ್ನು 14.4ಕ್ಕೆ, ಸದಾ ಜೋಡಿಸಿಯೇ ಇಡುವುದಾದರೆ 13.6ಕ್ಕೆ ನಿಲ್ಲಿಸಿ. ಕರೆಂಟ್ ಮಿತಿ 0.7 ಆಂಪಿಯರ್ ಇರಲಿ. ಬ್ಯಾಟರಿಯ ಧನ ತುದಿಗೆ ಹತ್ತಿರದಲ್ಲೇ 2 ಆಂಪಿಯರ್ ಫ್ಯೂಸ್ ಹಾಕಲು ಮರೆಯಬೇಡಿ.