ಸ್ಕೂಟರ್ ಸದ್ದು ಕೇಳಿದರೂ ಏಳಬೇಡಿ

ಉಡುಪಿ ಹತ್ತಿರದ ಓದುಗರೊಬ್ಬರ ಪತ್ರ ಎರಡು ದಿನದಿಂದ ಮೇಜಿನ ಮೇಲೇ ಉಂಟು, ತೆಗೆದಿಡಲು ಮನಸ್ಸು ಬಂದಿಲ್ಲ. ವಯಸ್ಸು 47, ಸಹಕಾರಿ ಸಂಘದಲ್ಲಿ ಕೆಲಸ. ದೀಪಾವಳಿ ಕಳೆದದ್ದೇ ಮೈ ಭಾರ, ಕತ್ತಲಾಗುವಾಗಲೇ ಕಣ್ಣು ಎಳೆಯುತ್ತದಂತೆ. ಆದರೆ ವಾರಕ್ಕೆರಡು ಮದುವೆ, ನಡುವೆ ಕುಟುಂಬದ ದೈವಕ್ಕೆ ಕೋಲ, ಯಾರದೋ ಹರಕೆಯ ಯಕ್ಷಗಾನದ ಆಟ. "ಚಳಿಗಾಲದಲ್ಲಿ ದೇಹ ವಿಶ್ರಾಂತಿ ಕೇಳುತ್ತದೆ ಅಂತ ಓದಿದೆ. ನಮ್ಮೂರಲ್ಲಿ ಅಂಥ ಚಳಿ ಎಲ್ಲುಂಟು? ನಾನು ಸೋಮಾರಿ ಆಗ್ತಿದ್ದೇನಾ?"

ಚಳಿ ಇಲ್ಲ, ಸರಿ. ಆದರೆ ಡಿಸೆಂಬರಿನ ಹಗಲು ಜೂನಿನ ಹಗಲಿಗಿಂತ ಸುಮಾರು ಒಂದೂವರೆ ಗಂಟೆ ಚಿಕ್ಕದು, ಉಡುಪಿಯಲ್ಲೂ. ಆರು ಗಂಟೆಗೆಲ್ಲ ಸೂರ್ಯ ಮುಳುಗಿದರೆ ಕಣ್ಣು ಎಳೆಯದೆ ಇನ್ನೇನು?

ನಮ್ಮ ಹಿರಿಯರು ದಣಿವಾರಿಸಿಕೊಂಡದ್ದು ಚಳಿಯಲ್ಲಲ್ಲ, ಮಳೆಯಲ್ಲಿ. ಮೇ ಕೊನೆಗೆ ಪತ್ತನಾಜೆ, ಅಂದರೆ ತುಳುನಾಡಿನ ಕೋಲ, ಆಟಗಳು ಮುಗಿಯುವ ದಿನ, ಬಂದು ಗೆಜ್ಜೆ ಬಿಚ್ಚಿದರೆ ಕೋಲವಿಲ್ಲ, ಮೇಳದ ತಿರುಗಾಟವಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆಯೂ ಇಲ್ಲ. ನೀವೋ, ಆಟಿಯಲ್ಲೂ ಕೊಡೆ ಹಿಡಿದು ಆಫೀಸಿಗೆ ಹೋದಿರಿ. ಈಗ ಊರು ಗೆಜ್ಜೆ ಕಟ್ಟಿದ ಮೇಲೆ ಅದರ ಜೊತೆಗೂ ಓಡಬೇಕು. ಮಲ್ಪೆ ಬಂದರಿನ ಯಾಂತ್ರಿಕ ಮೀನುಗಾರಿಕೆ ಬೋಟಿಗೂ ಜೂನ್ 1ರಿಂದ 61 ದಿನ ರಜೆ ಉಂಟು ಮಾರಾಯ್ರೆ!

ಇರಲಿ. ನನ್ನ ಕಣ್ಣಿಗೆ ಬಿದ್ದದ್ದು ಪತ್ರದ ಕೊನೆಯಲ್ಲಿ ಬ್ರ್ಯಾಕೆಟಿನೊಳಗೆ ಹಾಕಿದ ಸಾಲು. ಸಂಜೆ ಚಾ ಹಿಡಿದು ಜಗಲಿಯಲ್ಲಿ ಕೂರುತ್ತೀರಿ. ಗೇಟಿನ ಹತ್ತಿರ ಗಂಡನ ಸ್ಕೂಟರ್ ಸದ್ದು ಕೇಳಿದರೆ ಎದ್ದು ಒಳಗೆ ಓಡುತ್ತೀರಿ. ಹೋಗಿ ತೊಳೆದಿಟ್ಟ ಲೋಟವನ್ನೇ ಮತ್ತೆ ತೊಳೆಯುತ್ತೀರಿ!

ಗಂಡ ಒಂದು ಮಾತೂ ಅಂದವರಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಅವರನ್ನು ಬೈಯುವುದಿಲ್ಲ. (ಆ ಲೋಟ ಅವರೂ ತೊಳೆಯಬಹುದಿತ್ತು, ಅಲ್ವಾ?) ನನ್ನ ಸಿಟ್ಟೆಲ್ಲ ಅವರ ಅಕ್ಕನ ಮೇಲೆ. ಮದುವೆಯಾದ ಹೊಸತರಲ್ಲಿ ನೆಂಟರೆದುರು "ಇವಳು ಕೂತದ್ದನ್ನು ನಾನು ನೋಡಲೇ ಇಲ್ಲ" ಅಂತ ಹೊಗಳಿದರಲ್ಲ, ಆ ಅತ್ತಿಗೆ. ಹೊಗಳುವವರ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ ನಾನು! ಬೈದವರಿಗಾದರೆ ತಿರುಗಿ ಒಂದು ಮಾತು ಹೇಳಬಹುದು. ಹೊಗಳಿದವರಿಗೆ ಏನು ಹೇಳುವುದು? ಅವರು ಅಂದು ಮರೆತಿರುತ್ತಾರೆ. ನೀವು 22 ವರ್ಷದಿಂದ ಆ ಮಾತು ಸುಳ್ಳಾಗದ ಹಾಗೆ ನೋಡಿಕೊಳ್ಳುತ್ತಿದ್ದೀರಿ.

ಸುಸ್ತು ಹೀಗೇ ಮುಂದುವರಿದರೆ ಡಾಕ್ಟರ ಹತ್ತಿರ ಹೋಗಿ ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿ. ಯಾವ ಮದುವೆಗೆ ಹೋಗುವುದು, ಯಾವುದನ್ನು ಬಿಡುವುದು, ಅದನ್ನು ಆಮೇಲೆ ನೋಡುವ.

ನಾಳೆ ಸಂಜೆಗೆ ಒಂದೇ ಕೆಲಸ. ಚಾ ಹಿಡಿದು ಕೂತಿರಿ. ಸ್ಕೂಟರ್ ಬಂದು ನಿಂತರೂ ಏಳಬೇಡಿ. "ಏನು, ಹುಷಾರಿಲ್ವಾ?" ಅಂತ ಅವರು ಕೇಳಿಯೇ ಕೇಳುತ್ತಾರೆ. "ಹಾಗೇನಿಲ್ಲ, ಸುಮ್ನೆ ಕೂತದ್ದು. ಚಾ ಪಾತ್ರೆಯಲ್ಲುಂಟು" ಅನ್ನಿ.