ಹೃದಯದ ಸ್ನಾಯುವಿನ ಕಾಯಿಲೆ: ದೇಶ ದೇಶಗಳ ಲೆಕ್ಕ ಮತ್ತು ನಮ್ಮ ಮನೆಯ ಲೆಕ್ಕ

ಪ್ರಶ್ನೆ: ನನ್ನ ತಮ್ಮನಿಗೆ ಮೂವತ್ತಾರು ವರ್ಷ. ಗದ್ದೆಯ ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ ಎಂದು ಮೈಸೂರಿಗೆ ಕರೆದೊಯ್ದು ತೋರಿಸಿದಾಗ, ರಕ್ತನಾಳಗಳಲ್ಲಿ ತಡೆಯಿಲ್ಲ, ಹೃದಯದ ಸ್ನಾಯುವೇ ಹಿಗ್ಗಿ ದುರ್ಬಲವಾಗಿದೆ, ‘ಡೈಲೇಟೆಡ್ ಕಾರ್ಡಿಯೋಮಯೋಪತಿ’ ಎಂದರು. ಈ ಕಾಯಿಲೆ ಪ್ರಪಂಚದಲ್ಲಿ ಕಡಿಮೆಯಾಗುತ್ತಿದೆ ಎಂದು ಒಂದು ಕಡೆ ಓದಿದೆ. ಇದರಿಂದ ಸಾಯುವವರ ಸಂಖ್ಯೆ ಏರಿದೆ ಎಂದು ಇನ್ನೊಂದು ಕಡೆ ಇತ್ತು. ಯಾವುದು ನಿಜ?
— ಓದುಗರು, ಮಳವಳ್ಳಿ

ಉತ್ತರ: ನೀವು ಓದಿದ ಎರಡೂ ಮಾತು ನಿಜ. ಜಗತ್ತಿನ ರೋಗಭಾರವನ್ನು ಅಂದಾಜು ಮಾಡುವ ಅಧ್ಯಯನಗಳು ಹೃದಯ ಸ್ನಾಯುವಿನ ಕಾಯಿಲೆಯನ್ನೂ ಅದೇ ಸ್ನಾಯುವಿನ ಉರಿಯೂತವನ್ನೂ ಒಟ್ಟಿಗೆ ಎಣಿಸುತ್ತವೆ. 2019ರ ಅಂದಾಜಿನಂತೆ ಇವೆರಡರಿಂದ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ, ಮತ್ತು ಈ ಸಂಖ್ಯೆ 1990ಕ್ಕಿಂತ ದೊಡ್ಡದು. ಆದರೆ ಈ ಅವಧಿಯಲ್ಲಿ ಜನಸಂಖ್ಯೆಯೂ ಬೆಳೆದಿದೆ, ವಯಸ್ಸಾದವರ ಪಾಲೂ ಹೆಚ್ಚಿದೆ. ದುಡಿಯುವ ಮಕ್ಕಳೆಲ್ಲ ಬೆಂಗಳೂರು ಸೇರಿ ಹಿರಿಯರಷ್ಟೇ ಉಳಿದಿರುವ ನಾಗಮಂಗಲದ ಕಡೆಯ ಒಂದು ಹಳ್ಳಿಯನ್ನೂ ಮೈಸೂರಿನ ಒಂದು ಹೊಸ ಬಡಾವಣೆಯನ್ನೂ ಬರೀ ಸಾವಿನ ಸಂಖ್ಯೆಯಿಂದ ಹೋಲಿಸಿದರೆ ಹಳ್ಳಿಯಲ್ಲೇ ರೋಗ ಹೆಚ್ಚೆಂದು ತೋರುತ್ತದೆ. ಈ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ಸಾವಿನ ದರ ಇಳಿದಿರುವುದು ಕಾಣುತ್ತದೆ.

ಆದರೂ ಜಗತ್ತಿಗೆಲ್ಲ ಸೇರಿಸಿದ ಈ ಸರಾಸರಿಯಿಂದ ನಿಮಗೆ ಹೆಚ್ಚು ಪ್ರಯೋಜನವಾಗದು. ಹೃದಯ ಸ್ನಾಯು ರೋಗ ಎನ್ನುವುದು ಒಂದೇ ಕಾಯಿಲೆಯಲ್ಲ. ದೇಶದಿಂದ ದೇಶಕ್ಕೆ ಅದರ ಕಾರಣವೇ ಬೇರೆ. ರಷ್ಯಾ ಮತ್ತು ಪೂರ್ವ ಯುರೋಪಿನಲ್ಲಿ ಮದ್ಯವೇ ಬಹುದೊಡ್ಡ ಕಾರಣ. ಸೋವಿಯತ್ ಒಕ್ಕೂಟ ಒಡೆದ ನಂತರದ ವರ್ಷಗಳಲ್ಲಿ ಅಲ್ಲಿ ನಡುವಯಸ್ಸಿನ ಗಂಡಸರ ಸಾವು ಭೀಕರವಾಗಿ ಏರಿತ್ತು. ಮುಂದೆ ರಷ್ಯಾ ಸರ್ಕಾರ ಮದ್ಯದ ಮಾರಾಟವನ್ನು ಬಿಗಿಗೊಳಿಸಿತು, ತೆರಿಗೆ ಏರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ 2003ರಿಂದ 2016ರ ನಡುವೆ ತಲಾ ಮದ್ಯ ಸೇವನೆ 43% ಇಳಿಯಿತು, ಅದರೊಡನೆ ಸಾವಿನ ದರವೂ ತಗ್ಗಿತು. ದಕ್ಷಿಣ ಅಮೆರಿಕದಲ್ಲಿ ಕಾರಣ ಒಂದು ಪರೋಪಜೀವಿ. ಮಣ್ಣಿನ ಗೋಡೆಯ ಬಿರುಕುಗಳಲ್ಲಿ ಅಡಗಿ, ರಾತ್ರಿ ಮಲಗಿದವರ ರಕ್ತ ಹೀರುವ ತಿಗಣೆಯಂಥ ಕೀಟ ಅದನ್ನು ಹರಡುತ್ತದೆ. ಬ್ರೆಜಿಲಿನ ವೈದ್ಯ ಕಾರ್ಲೋಸ್ ಶಾಗಸ್ 1909ರಲ್ಲಿ ಇದನ್ನು ಗುರುತಿಸಿದರು. ಸೋಂಕು ತಗುಲಿ ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ ಕೆಲವರಲ್ಲಿ ಹೃದಯ ಹಿಗ್ಗುತ್ತದೆ. ಮನೆ ಮನೆಗೆ ಔಷಧಿ ಸಿಂಪಡಿಸಿ ಉರುಗ್ವೆ 1997ರಲ್ಲೂ ಬ್ರೆಜಿಲ್ 2006ರಲ್ಲೂ ಮುಖ್ಯ ವಾಹಕ ಕೀಟದಿಂದ ಹರಡುವಿಕೆಯನ್ನು ನಿಲ್ಲಿಸಿದವು. ಚೀನಾದ ಕೆಶಾನ್ ಪ್ರದೇಶದಲ್ಲಿ 1935ರಿಂದ ಕಾಣಿಸಿಕೊಂಡು ಹೆಂಗಸರನ್ನೂ ಮಕ್ಕಳನ್ನೂ ಬಲಿ ತೆಗೆದುಕೊಂಡ ರೋಗಕ್ಕೆ ಮಣ್ಣಿನಲ್ಲಿ ಸೆಲೀನಿಯಂ ಎಂಬ ಖನಿಜಾಂಶದ ಕೊರತೆ ಮುಖ್ಯ ಕಾರಣವಾಗಿತ್ತು. ಸೆಲೀನಿಯಂ ಪೂರೈಸಿದ ಮೇಲೆ ಅದು ಅಪರೂಪವಾಯಿತು. ನಮ್ಮ ನೆರೆಯ ಕೇರಳದ ಕರಾವಳಿಯಲ್ಲಿ ಬಡಮಕ್ಕಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ, ಹೃದಯದ ಒಳಪದರ ದಪ್ಪಗಟ್ಟುವ ರೋಗವೂ ಜೀವನಮಟ್ಟ ಸುಧಾರಿಸಿದ ಹಾಗೆ ಬಹಳ ಕಡಿಮೆಯಾಗಿದೆ. ದರ ಇಳಿದ ಕಡೆಯಲ್ಲೆಲ್ಲ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ಕೆಲಸ ಮಾಡಿದ್ದು ಮನೆಯ ಗೋಡೆ, ಊಟದ ತಟ್ಟೆ, ಮದ್ಯದ ಬೆಲೆ ಎಂಬುದು ನನ್ನ ದೃಢ ಅಭಿಪ್ರಾಯ.

ಭಾರತದ ವಿಷಯಕ್ಕೆ ಬಂದರೆ ಎಣಿಕೆಯೇ ದುರ್ಬಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು 22.5% ಮಾತ್ರ. ಮಿಕ್ಕ ಕಡೆ ‘ಎದೆ ಹಿಡಿದುಕೊಂಡು ಹೋದರು’ ಎಂಬ ಮನೆಯವರ ಮಾತೇ ಉಳಿಯುತ್ತದೆ, ಹಠಾತ್ ಸಾವೆಲ್ಲವೂ ‘ಹಾರ್ಟ್ ಅಟ್ಯಾಕ್’ ಆಗಿಬಿಡುತ್ತದೆ. ಹೃದಯಾಘಾತದಲ್ಲಿ ರಕ್ತನಾಳ ಕಟ್ಟುತ್ತದೆ. ನಿಮ್ಮ ತಮ್ಮನಿಗಿರುವಂಥ ಕಾಯಿಲೆಯಲ್ಲಿ ನಾಳ ಸರಿಯಿದ್ದೂ ಸ್ನಾಯು ಸೋಲುತ್ತದೆ. ಎಕೋ (ಧ್ವನಿ ತರಂಗಗಳಿಂದ ಹೃದಯವನ್ನು ನೋಡುವ ಪರೀಕ್ಷೆ) ಮಾಡಿಸದೆ ಸತ್ತವರಲ್ಲಿ ಈ ಎರಡನ್ನು ಬೇರ್ಪಡಿಸುವುದು ಕಷ್ಟ. ಆದ್ದರಿಂದ ನಮ್ಮ ದೇಶದ ಅಂಕಿ ಚಿಕ್ಕದಾಗಿ ಕಂಡರೆ ಅದನ್ನು ನೆಮ್ಮದಿಯ ಸುದ್ದಿಯೆಂದು ನಾನು ಓದಲಾರೆ.

ನಿಮ್ಮ ತಮ್ಮನ ಎಕೋ ವರದಿಯಲ್ಲಿ ‘ಇ.ಎಫ್.’ ಎಂಬ ಸಾಲನ್ನು ಹುಡುಕಿ. ಎಡ ಹೃತ್ಕುಕ್ಷಿಯಲ್ಲಿ, ಅಂದರೆ ಹೃದಯದ ಎಡಬದಿಯ ಕೆಳಗಿನ ಕೋಣೆಯಲ್ಲಿ, ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಹೋಗುತ್ತದೆ ಎಂಬುದರ ಅಳತೆ ಅದು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 55%ಕ್ಕಿಂತ ಮೇಲಿರುತ್ತದೆ. ಇ.ಎಫ್. 30%ರ ಆಸುಪಾಸಿನಲ್ಲಿದ್ದವರು ಸಹ ಇಂದಿನ ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡು ಎಷ್ಟೋ ಮಟ್ಟಿಗೆ ಚೇತರಿಸಿಕೊಂಡಿರುವುದುಂಟು. ಏದುಸಿರು ನಿಂತಿತೆಂದು ಮಾತ್ರೆ ಬಿಡಬಾರದು. ಕುಡಿತವಿದ್ದರೆ ಪೂರ್ತಿ ನಿಲ್ಲಬೇಕು. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಪ್ರಶ್ನೆ: ನಮ್ಮ ಮನೆತನದಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಿಂದಿನಿಂದ ಬಂದ ರೂಢಿ. ದೊಡ್ಡಪ್ಪನವರು ಚಿಕ್ಕ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡರು, ಈಗ ಅವರ ಮಗನಿಗೆ ಹೃದಯದ ಸ್ನಾಯು ದಪ್ಪವಾಗಿದೆ ಎನ್ನುತ್ತಿದ್ದಾರೆ. ಇದು ವಂಶದಲ್ಲಿ ಹರಿಯುತ್ತದೆಯೇ?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹರಿಯುತ್ತದೆ. ಸ್ನಾಯು ದಪ್ಪವಾಗುವ ಈ ಬಗೆ ಸುಮಾರು 500 ಜನರಲ್ಲಿ ಒಬ್ಬರಿಗಿದೆ. ವಂಶವಾಹಿಯಿಂದ ಬಂದಾಗ ಅದು ಸಾಮಾನ್ಯವಾಗಿ ತಂದೆ ಅಥವಾ ತಾಯಿ ಒಬ್ಬರಿಂದಲೇ ಬರಬಲ್ಲದು; ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕೆ ಅರ್ಧ. ದಕ್ಷಿಣ ಏಷ್ಯಾದ ಜನರಲ್ಲಿ ಇದರ ಜೊತೆಗೆ ಇನ್ನೊಂದು ವಿಶೇಷವಿದೆ. ಹೃದಯ ಸ್ನಾಯುವಿನ ಒಂದು ಪ್ರೋಟೀನಿಗೆ ಸಂಬಂಧಿಸಿದ ವಂಶವಾಹಿಯಲ್ಲಿ ಡಿಎನ್‌ಎಯ 25 ಅಕ್ಷರಗಳಷ್ಟು ತುಣುಕು ಬಿಟ್ಟುಹೋಗಿರುವುದು ನಮ್ಮವರಲ್ಲಿ ಸುಮಾರು 4% ಜನರಲ್ಲಿದೆ ಎಂದು ಹೈದರಾಬಾದಿನ ಸಿಸಿಎಂಬಿ (ಜೀವಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡ 2009ರಲ್ಲಿ ಪ್ರಕಟಿಸಿತು. ಈ ದೋಷದ ಒಂದು ಪ್ರತಿ ಮಾತ್ರ ಹೊತ್ತ ಹೆಚ್ಚಿನವರು ಆರೋಗ್ಯವಾಗಿಯೇ ಬಾಳುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ಬಂದು ಎರಡು ಪ್ರತಿಯಾದಾಗ ಎಳವೆಯಲ್ಲೇ ತೀವ್ರ ರೋಗ ಬರಬಹುದು, ಮತ್ತು ರಕ್ತಸಂಬಂಧದ ಮದುವೆಯಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು. ಹಿರಿಯರ ಮನ ನೋಯಿಸಲು ಇದನ್ನು ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಮುಂದಿನ ಸಂಬಂಧ ಮಾತಾಡುವ ಮುನ್ನ ತಳಿ ಸಲಹೆ, ಅಂದರೆ ವಂಶವಾಹಿ ರೋಗಗಳ ಬಗ್ಗೆ ತಜ್ಞರ ಸಲಹೆ, ಪಡೆಯುವುದು ಅಗತ್ಯವೆಂದು ಹೇಳುತ್ತಿದ್ದೇನೆ.

ಈಗ ಮೊದಲು ಆಗಬೇಕಾದ್ದು ಪರೀಕ್ಷೆ. ಆ ಅಣ್ಣನ ಒಡಹುಟ್ಟಿದವರು, ಮಕ್ಕಳು, ಜೊತೆಗೆ ದೊಡ್ಡಪ್ಪನ ಒಡಹುಟ್ಟಿದವರಾದ ನಿಮ್ಮ ತಂದೆಯವರು, ಎಲ್ಲರೂ ಒಮ್ಮೆ ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಲಿ. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಇದಕ್ಕೆ ಸೌಲಭ್ಯವಿದೆ. ತಂದೆಯವರಲ್ಲಿ ದೋಷ ಕಂಡರೆ ಸರದಿ ನಿಮ್ಮದು. ಹೋಗುವಾಗ ಮೂರು ತಲೆಮಾರಿನ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾರು ಯಾರನ್ನು ಮದುವೆಯಾದರು, ಯಾರು ಯಾವ ವಯಸ್ಸಿನಲ್ಲಿ ಹೇಗೆ ತೀರಿಕೊಂಡರು, ಓಡುವಾಗ ತಲೆಸುತ್ತಿ ಬಿದ್ದವರು ಯಾರು ಎಂಬುದೆಲ್ಲ ಅದರಲ್ಲಿರಲಿ. ಈಗ ದೋಷ ಕಾಣದ ಮಕ್ಕಳಿಗೆ ಬೆಳೆಯುವ ವಯಸ್ಸಿನಲ್ಲಿ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಎಕೋ ಮಾಡಿಸಬೇಕು, ಏಕೆಂದರೆ ದಪ್ಪವಾಗುವುದು ಹದಿಹರೆಯದಲ್ಲಿ ಶುರುವಾಗುವುದೂ ಉಂಟು.