14 ತಿಂಗಳ ಮಗುವಿಗೆ ಶೂ ಸೈಜ್ ನೋಡೋದು ಹೇಗೆ?

ಮಗಳಿಗೆ 14 ತಿಂಗಳು, ಈಗಷ್ಟೇ ನಡೆಯೋಕೆ ಶುರು ಮಾಡಿದ್ದಾಳೆ. ಒಂದು ಶೂ ಮೇಲೆ 4 ಅಂತಿದೆ, ಇನ್ನೊಂದರ ಮೇಲೆ 20, ಮತ್ತೊಂದರ ಮೇಲೆ ‘12–18 ತಿಂಗಳು’. ಅತ್ತೆ ಬೇರೆ ‘ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ’ ಅಂತಿದ್ದಾರೆ. ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಯಾವುದನ್ನೂ ನಂಬಬೇಡಿ, ಮನೆಯಲ್ಲಿರೋ ಸ್ಕೇಲನ್ನು ನಂಬಿ. ಮೂರು ಜೊತೆ ಶೂಗೆ ದುಡ್ಡು ದಂಡ ಕಟ್ಟಿದ ಮೇಲೆ ಈ ಬುದ್ಧಿ ಬಂತು ನನಗೆ.

ಮೊದಲನೇ ಜೊತೆಯದು ಹೇಳೋಕೇನೂ ಇಲ್ಲ. ವಯಸ್ಸು ನೋಡಿ ಆನ್‌ಲೈನಲ್ಲಿ ತರಿಸಿದೆ, ಮಗನ ಕಾಲು ಒಳಗೇ ಹೋಗಲಿಲ್ಲ. ಎರಡನೆಯದಕ್ಕೆ ನಮ್ಮಮ್ಮನ ಮಾತು ಕೇಳಿ ದೊಡ್ಡದು ತಂದೆ. ಮುಂದೆ ಖಾಲಿ ಉಳಿದ ಜಾಗಕ್ಕೆ ಹತ್ತಿ ತುರುಕಿ ಲಾಲ್‌ಬಾಗಿಗೆ ಕರೆದುಕೊಂಡು ಹೋದೆವು. ಬಂಡೆ ಹತ್ತಿರ ಹೋಗುವಷ್ಟರಲ್ಲಿ ನಾಲ್ಕು ಸಲ ಬಿದ್ದ. ಹೆಜ್ಜೆ ಎತ್ತಿದರೆ ಹಿಮ್ಮಡಿ ಶೂನಿಂದ ಹೊರಗೆ ಬರುತ್ತಿತ್ತು, ಶೂ ಮೂತಿ ನೆಲಕ್ಕೆ ತಾಗಿ ಎಡವುತ್ತಿದ್ದ. ಶೂ ಬಿಚ್ಚಿ ಬಿಟ್ಟೆ ನೋಡಿ, ಬರಿಗಾಲಲ್ಲಿ ಓಡಿದ!

ಮೂರನೆಯದು ನನ್ನದೇ ಅತಿಬುದ್ಧಿ. ಕೃಷ್ಣಾಷ್ಟಮಿ ದಿನ ಅಮ್ಮ ಅವನ ಪಾದವನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ಬಾಗಿಲಿಂದ ದೇವರ ಮನೆವರೆಗೂ ಹೆಜ್ಜೆ ಮೂಡಿಸಿದ್ದರು. ಕೆಂಪು ನೆಲದ ಮೇಲೆ ಅಷ್ಟು ಚೆನ್ನಾಗಿ ಬಿದ್ದಿತ್ತು ಅಚ್ಚು. ಇದಕ್ಕಿಂತ ಪಕ್ಕಾ ಅಳತೆ ಎಲ್ಲಿ ಸಿಗುತ್ತೆ ಅಂತ ಅದನ್ನೇ ಅಳೆದು ಜಯನಗರ 4ನೇ ಬ್ಲಾಕಿಗೆ ಹೋಗಿ ಶೂ ತಂದೆ. ಎರಡೇ ದಿನಕ್ಕೆ ಕಚ್ಚಿತು. ಬೆರಳ ತುದಿ ಕೆಂಪಗಾಗಿ ಸಣ್ಣ ಗುಳ್ಳೆ ಎದ್ದಿತ್ತು. ಆಮೇಲೆ ಯೋಚಿಸಿದರೆ ಅರ್ಥವಾಯಿತು. ಹಿಮ್ಮಡಿ ಗುಂಡಗಿರುತ್ತೆ, ಬೆರಳ ತುದಿಯೂ ಗುಂಡಗಿರುತ್ತೆ. ನೆಲಕ್ಕೆ ತಾಗಿದ ಭಾಗ ಮಾತ್ರ ಅಚ್ಚಿನಲ್ಲಿ ಬರುತ್ತೆ. ಪಾದ ಅದಕ್ಕಿಂತ ಉದ್ದ.

ಈಗ ನಾನು ಅಳೆಯೋದು ಹೀಗೆ. ಸಂಜೆ ಹೊತ್ತು, ಯಾಕೆಂದರೆ ದಿನವಿಡೀ ಓಡಾಡಿ ಪಾದ ಸ್ವಲ್ಪ ಹಿಗ್ಗಿರುತ್ತೆ. ಗೋಡೆಗೆ ತಾಗಿಸಿ ನೆಲದ ಮೇಲೆ ಒಂದು ಬಿಳಿ ಹಾಳೆ. ಮಗು ಹಿಮ್ಮಡಿಯನ್ನು ಗೋಡೆಗೆ ಒತ್ತಿ ನಿಲ್ಲಬೇಕು. ಕೂತಾಗ, ಮಲಗಿದಾಗ ಅಳೆದರೆ ಕಡಿಮೆ ಬರುತ್ತೆ, ಮೈ ಭಾರ ಬಿದ್ದಾಗಲೇ ಪಾದ ಪೂರ್ತಿ ಹರಡೋದು. ನಿಲ್ಲಿಸೋದೇ ಕಷ್ಟ, ಅದಕ್ಕೆ ಕೈಗೊಂದು ರಸ್ಕ್ ಕೊಡಿ. ಬೆರಳು ಮಡಚಿಕೊಂಡರೆ ಪಾದದ ಮೇಲೆ ಮೆಲ್ಲಗೆ ಸವರಿ, ಬಿಡಿಸುತ್ತೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಎಲ್ಲಕ್ಕಿಂತ ಮುಂದಿರೋ ಬೆರಳ ತುದಿಗೆ ಗೆರೆ ಹಾಕಿ. ಎಲ್ಲರಿಗೂ ಹೆಬ್ಬೆರಳೇ ಮುಂದಿರಲ್ಲ, ನನ್ನ ಮಗನಿಗೆ ಎರಡನೇ ಬೆರಳೇ ಉದ್ದ. ಎರಡೂ ಕಾಲು ಅಳೆಯಿರಿ. ಒಂದು ಚೂರು ದೊಡ್ಡದಿದ್ದೇ ಇರುತ್ತೆ, ಅದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬಂದ ಅಳತೆಗೆ 1 ಸೆಂ.ಮೀ.ನಿಂದ 1.2 ಸೆಂ.ಮೀ. ಸೇರಿಸಿ. ಬೆರಳು ಆಡೋಕೂ ಬೆಳೆಯೋಕೂ ಅಷ್ಟು ಜಾಗ ಸಾಕು. ಅತ್ತೆಗೂ ಇದನ್ನೇ ತೋರಿಸಿ, ಬೆಳೆಯೋ ಜಾಗ ಇದರಲ್ಲೇ ಸೇರಿದೆ ಅಂತ.

ಇನ್ನು ಆ ನಂಬರ್‌ಗಳು. 4 ಅನ್ನೋದು ಬ್ರಿಟಿಷ್ ಲೆಕ್ಕ, ನಮ್ಮ ಅಂಗಡಿಗಳಲ್ಲಿ ಜಾಸ್ತಿ ನಡೆಯೋದು ಅದೇ. ಅಲ್ಲಿ 4 ಇಂಚನ್ನು ಸೊನ್ನೆ ಅಂತ ಇಟ್ಟುಕೊಂಡು, ಒಂದೊಂದು ಸೈಜಿಗೆ ಇಂಚಿನ ಮೂರನೇ ಒಂದು ಭಾಗ ಏರಿಸುತ್ತಾರೆ. ಅದು ಒಂದು ಜವೆಗೋಧಿ ಕಾಳಿನ ಉದ್ದವಂತೆ, ಮೂರು ಕಾಳು ಸೇರಿದರೆ ಒಂದು ಇಂಚು! 20 ಅನ್ನೋದು ಯುರೋಪಿನದು, ಒಂದೊಂದು ಸೈಜಿಗೆ 0.67 ಸೆಂ.ಮೀ. ನಿಮ್ಮ ಮಗಳ ಪಾದ 12.2 ಸೆಂ.ಮೀ. ಅಂತಿಟ್ಟುಕೊಳ್ಳಿ. ಜಾಗ ಸೇರಿಸಿದರೆ 13.3 ಆಯಿತು. ಅದನ್ನು ಒಂದೂವರೆಯಿಂದ ಗುಣಿಸಿದರೆ 20, ಬ್ರಿಟಿಷ್ ಲೆಕ್ಕದಲ್ಲಿ ಹೆಚ್ಚುಕಮ್ಮಿ 4. ಅಂದರೆ ನಿಮ್ಮನ್ನು ಗೊಂದಲಕ್ಕೆ ಹಾಕಿದ್ದು ಎರಡೂ ಒಂದೇ ಶೂ. ಅಮೆರಿಕದ ನಂಬರ್ ಇದಕ್ಕೆ ಸುಮಾರು ಒಂದು ಜಾಸ್ತಿ ಇರುತ್ತೆ, ಆನ್‌ಲೈನಲ್ಲಿ ಮೋಸ ಹೋಗೋದು ಅಲ್ಲೇ. ಹಾಗಂತ ನಂಬರ್ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದ್ದೇ ಇದೆ. ಒಳಗಿನ ಅಳತೆಯನ್ನು ಸೆಂ.ಮೀ.ನಲ್ಲಿ ಕೊಟ್ಟಿರದ ಶೂವನ್ನು ನಾನಂತೂ ಆನ್‌ಲೈನಲ್ಲಿ ತಗೊಳ್ಳಲ್ಲ.

ಉದ್ದ ಸರಿ ಇದ್ದು ಅಗಲದಲ್ಲಿ ಬಿಗಿಯಾಗೋದೂ ಉಂಟು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ಭಾರತದ್ದೇ ಸೈಜ್ ಪದ್ಧತಿ ಮಾಡೋಕೆ ಸುಮಾರು ಒಂದು ಲಕ್ಷ ಜನರ ಪಾದ ಅಳೆದಿದ್ದಾರೆ, ಅದಕ್ಕೆ ‘ಭಾ’ ಅಂತ ಹೆಸರು. ನಮ್ಮವರ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಅಂತ ಅದರಲ್ಲಿ ಕಂಡುಬಂತು. ಹಾಗಾಗಿ ಮೂತಿ ಚೂಪಾಗಿರೋ ಶೂ ಎಷ್ಟೇ ಮುದ್ದಾಗಿದ್ದರೂ ಬಿಟ್ಟುಬಿಡಿ.

ಅಂಗಡಿಗೆ ಹೋದರೆ ಸಾಕ್ಸ್ ಮರೆಯಬೇಡಿ. ಅಲ್ಲಿ ಎಲ್ಲರೂ ಶೂ ಮೂತಿಯನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ. ಒತ್ತಿದ ತಕ್ಷಣ ಮಗು ಬೆರಳು ಒಳಗೆಳೆದುಕೊಳ್ಳುತ್ತೆ, ನಮಗೆ ಜಾಗ ಇದೆ ಅನ್ನಿಸುತ್ತೆ. ಒಳಗಿನ ಅಟ್ಟೆ ಬಿಚ್ಚೋಕೆ ಬಂದರೆ ಹೊರಗೆ ತೆಗೆದು, ಅದರ ಮೇಲೆ ಮಗುವನ್ನು ನಿಲ್ಲಿಸಿ. ಎಷ್ಟು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತೆ, ಅಕ್ಕಪಕ್ಕ ಪಾದ ಹೊರಗೆ ಚಾಚಿದ್ದರೂ ಗೊತ್ತಾಗುತ್ತೆ. ಆಮೇಲೆ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆಸಿ, ಹಿಮ್ಮಡಿ ಜಾರಬಾರದು. ಬೆರಳು ಮಡಿಯೋ ಜಾಗದಲ್ಲಿ ಶೂ ಸಲೀಸಾಗಿ ಬಗ್ಗಬೇಕು. ಪೀಂ ಪೀಂ ಅನ್ನೋ ಶೂ ನಿಮ್ಮಿಷ್ಟ, ನಮ್ಮ ಕೆಳಗಿನ ಮನೆಯವರು ಮಾತ್ರ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ದುಬಾರಿಯದ್ದು ಬೇಡ. ಈ ವಯಸ್ಸಿನಲ್ಲಿ ಪಾದ ಬೇಗ ಬೆಳೆಯುತ್ತೆ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು. ಮೂಳೆ ಇನ್ನೂ ಮೆತ್ತಗಿರೋದರಿಂದ ಬಿಗಿಯಾದರೂ ಮಗು ಅಳದೇ ಇರಬಹುದು. ಶೂ ಬಿಚ್ಚಿದಾಗ ಕೆಂಪು ಗೆರೆ ಇದೆಯಾ ಅಂತ ನೀವೇ ನೋಡಬೇಕು. ಪಾದದ ಕೆಳಗೆ ಗುಳಿ ಇಲ್ಲ, ಚಪ್ಪಟೆ ಇದೆ ಅಂತ ನಮ್ಮಮ್ಮ ಗಾಬರಿಯಾಗಿದ್ದರು. ಅಲ್ಲಿ ಕೊಬ್ಬು ತುಂಬಿರುತ್ತೆ, ಈ ವಯಸ್ಸಲ್ಲಿ ಅದು ಮಾಮೂಲಿ ಅಂತ ಡಾಕ್ಟರ್ ನಕ್ಕು ಕಳಿಸಿದರು.

ಮನೆಯೊಳಗೆ ಮಾತ್ರ ಬರಿಗಾಲೇ ಒಳ್ಳೇದು. ಡಿಸೆಂಬರ್ ಬೆಳಗ್ಗೆ ಗ್ರಾನೈಟ್ ನೆಲ ಐಸ್ ಥರ ಇರುತ್ತಲ್ಲ, ಆಗ ಅಡಿಯಲ್ಲಿ ರಬ್ಬರ್ ಚುಕ್ಕಿ ಇರೋ ಸಾಕ್ಸ್ ಹಾಕಿ. ಮಾಮೂಲಿ ಸಾಕ್ಸ್ ಹಾಕಿದರೆ ಜಾರುತ್ತಾಳೆ.